ಒಂದೇ ವಿಮಾನ, ಎರಡು ನಕಾಶೆ

2006ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ತುಲೂಸ್ ನಗರದ ವಿಮಾನ ಕಾರ್ಖಾನೆಯೊಂದರ ತೊಡಕು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅಲ್ಲಿ ಜೋಡಣೆಯಾಗುತ್ತಿದ್ದುದು ಏರ್‌ಬಸ್ ಎ380 ಎಂಬ ಎರಡಂತಸ್ತಿನ ಮಹಾವಿಮಾನ. ಅದರ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 80 ಮೀಟರ್ ದೂರ. ಪ್ರಯಾಣಿಕರನ್ನು ಹೊರುವ ವಿಮಾನಗಳಲ್ಲಿ ಅಷ್ಟು ದೊಡ್ಡದು ಹಿಂದೆಂದೂ ನಿರ್ಮಾಣವಾಗಿರಲಿಲ್ಲ. ರೆಕ್ಕೆಗಳು ಸರಿಯಾಗಿದ್ದುವು, ಎಂಜಿನ್ನುಗಳು ಸರಿಯಾಗಿದ್ದುವು; 2005ರ ಏಪ್ರಿಲ್ 27ರಂದು ಮೊದಲನೆಯ ವಿಮಾನವು ಹಾರಿಯೂ ಆಗಿದ್ದಿತು. ಆದರೆ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಸಿದ್ಧವಾಗಿ ಬಂದಿದ್ದ ವಿದ್ಯುತ್ ತಂತಿಗಳ ಕಂತೆಗಳನ್ನು ವಿಮಾನದ ಒಡಲಿನೊಳಗೆ ಎಳೆದು ಕೂಡಿಸಹೋದಾಗ, ಹಲವು ಕಡೆಗಳಲ್ಲಿ ಅವು ತಮ್ಮ ಜೋಡಣೆಯ ಜಾಗವನ್ನು ಮುಟ್ಟಲಿಲ್ಲ. ಮೊಳವಲ್ಲ, ಗೇಣಲ್ಲ, ಕೆಲವೇ ಸೆಂಟಿಮೀಟರುಗಳಷ್ಟು ಗಿಡ್ಡವಾಗಿದ್ದುವು.

ಇಷ್ಟಕ್ಕೆ ಇಷ್ಟು ಗಾಬರಿಯೇಕೆ, ತುಂಡು ತಂತಿಯೊಂದನ್ನು ಬೆಸೆದರೆ ಸಾಲದೆ ಎಂದು ವಾಚಕರು ಕೇಳಬಹುದು. ಮನೆಯ ದೀಪದ ತಂತಿಯಾಗಿದ್ದರೆ ಸಾಲುತ್ತಿದ್ದಿತು. ಆದರೆ ಎ380 ವಿಮಾನದಲ್ಲಿರುವ ತಂತಿಯ ಒಟ್ಟು ಉದ್ದ ಸುಮಾರು 530 ಕಿಲೋಮೀಟರ್. ಬಿಡಿ ತಂತಿಗಳ ಸಂಖ್ಯೆ ಒಂದು ಲಕ್ಷದ ಹತ್ತಿರ. ಅವುಗಳನ್ನು ಕೂಡಿಸುವ ಕೊಂಡಿಗಳು 40,000ಕ್ಕೂ ಹೆಚ್ಚು. ಈ ತಂತಿಗಳನ್ನು ಅಳತೆಗೆ ಕತ್ತರಿಸಿ, ತುದಿಗಳಿಗೆ ಕೊಂಡಿಗಳನ್ನು ಕಟ್ಟಿ, ದಪ್ಪ ಜಡೆಗಳಂತೆ ಹೊಸೆದು ಮೊದಲೇ ಸಿದ್ಧಪಡಿಸಿಟ್ಟಿರುತ್ತಾರೆ. ಒಂದೊಂದು ಜಡೆಯೂ ಒಡಲಿನ ಪಕ್ಕೆಲುಬುಗಳ ನಡುವೆ ಗೊತ್ತಾದ ರಂಧ್ರಗಳಲ್ಲಿ ತೂರಿ, ಗೊತ್ತಾದ ಕಡೆ ಬಾಗಿ, ಗೊತ್ತಾದ ಜಾಗದಲ್ಲಿ ಮುಗಿಯಬೇಕು. ಒಂದನ್ನು ಉದ್ದಮಾಡಿದರೆ ಅದರ ಪಕ್ಕದ್ದಕ್ಕೆ ಎಡೆ ಸಾಲದು. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ನಕಾಶೆಯಲ್ಲಿ ದಾಖಲಿಸಿ, ಅದು ಸುರಕ್ಷಿತವೆಂದು ತೋರಿಸಬೇಕು. ಹ್ಯಾಂಬರ್ಗಿನಿಂದ ನೂರಾರು ಮಂದಿ ಕುಶಲ ಕೆಲಸಗಾರರು ತುಲೂಸಿಗೆ ಹೋಗಿ, ಒಂದೊಂದೇ ವಿಮಾನದ ಒಳಗೆ ಕುಳಿತು, ಕೈಯಿಂದ ತಂತಿಗಳನ್ನು ಮತ್ತೆ ಎಳೆಯಬೇಕಾಯಿತು.

ತಪ್ಪು ಆದುದೆಲ್ಲಿ? ಆ ವಿಮಾನವನ್ನು ಫ್ರಾನ್ಸ್, ಜರ್ಮನಿ, ಬ್ರಿಟನ್, ಸ್ಪೇನ್ ಈ ನಾಲ್ಕು ದೇಶಗಳವರು ಕೂಡಿ ಮಾಡುತ್ತಿದ್ದರು. ನಾಲ್ಕೂ ಕಡೆ ನಕಾಶೆ ಬರೆಯುತ್ತಿದ್ದುದು ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿ. ನಾಲ್ಕೂ ಕಡೆ ಬಳಸುತ್ತಿದ್ದುದು ‘ಕಟಿಯಾ’ ಎಂಬ ಒಂದೇ ಹೆಸರಿನ ವಿನ್ಯಾಸ ತಂತ್ರಾಂಶ. ಆದರೆ ಜರ್ಮನಿ ಮತ್ತು ಸ್ಪೇನಿನವರು ಅದರ ನಾಲ್ಕನೆಯ ಆವೃತ್ತಿಯನ್ನೂ, ಫ್ರಾನ್ಸ್ ಮತ್ತು ಬ್ರಿಟನ್ನಿನವರು ಐದನೆಯ ಆವೃತ್ತಿಯನ್ನೂ ಇಟ್ಟುಕೊಂಡಿದ್ದರು. ಐದನೆಯದು ನಾಲ್ಕನೆಯದರ ತಿದ್ದುಪಡಿಯಲ್ಲ. ಬುಡದಿಂದ ಹೊಸದಾಗಿ ಬರೆದದ್ದು. ಒಂದರಲ್ಲಿ ಬರೆದುದನ್ನು ಇನ್ನೊಂದಕ್ಕೆ ಒಯ್ದಾಗ ಆಕಾರವು ಬಹುಮಟ್ಟಿಗೆ ಉಳಿಯುತ್ತಿದ್ದರೂ ಆಕಾರದ ಹಿಂದಿದ್ದ ನಿಯಮಗಳು ಪೂರ್ತಿಯಾಗಿ ಉಳಿಯುತ್ತಿರಲಿಲ್ಲ. ತಂತಿಯು ಎಷ್ಟು ಕಿರಿದಾದ ತ್ರಿಜ್ಯದಲ್ಲಿ ಬಾಗಬಹುದು ಎಂಬುದು ಇಂತಹ ಒಂದು ನಿಯಮ. ತೂಕವನ್ನು ಉಳಿಸಲೆಂದು ಈ ವಿಮಾನದಲ್ಲಿ ಅನೇಕ ಕಡೆ ತಾಮ್ರಕ್ಕೆ ಬದಲಾಗಿ ಅಲ್ಯೂಮಿನಿಯಂ ತಂತಿಯನ್ನು ಹಾಕಿದ್ದರು. ಅದನ್ನು ತಾಮ್ರದಷ್ಟು ಗಟ್ಟಿಯಾಗಿ ಬಗ್ಗಿಸುವಂತಿಲ್ಲ. ಅದು ಸುತ್ತಿ ಬರಬೇಕು. ಸುತ್ತಿ ಬಂದರೆ ಉದ್ದ ಹೆಚ್ಚು ಬೇಕು. ಒಂದು ಬಾಗಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಇಂತಹ ಹತ್ತಾರು ಬಾಗುಗಳನ್ನು ದಾಟಿದ ಮೇಲೆ ತುದಿಯಲ್ಲಿ ಕೊರತೆ ಕಾಣುವುದು.

ಈ ಕೊರತೆಯ ಬೆಲೆಯೂ ಸಣ್ಣದಾಗಿರಲಿಲ್ಲ. ವಿಳಂಬದ ಸುದ್ದಿ ಹೊರಬಿದ್ದ ಮರುದಿನ, 2006ರ ಜೂನ್ 14ರಂದು, ಏರ್‌ಬಸ್ಸಿನ ಒಡೆತನದ ಸಂಸ್ಥೆಯ ಷೇರುಗಳ ಬೆಲೆ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮುಖ್ಯಾಧಿಕಾರಿಗಳು ರಾಜೀನಾಮೆ ಕೊಟ್ಟರು. ಅದೇ ಅಕ್ಟೋಬರಿನಲ್ಲಿ ಸಂಸ್ಥೆಯು 2010ರವರೆಗಿನ ತನ್ನ ಲಾಭದಲ್ಲಿ ಸುಮಾರು 480 ಕೋಟಿ ಯೂರೋ ಖೋತಾ ಬೀಳುವುದೆಂದು ಅಂದಾಜುಮಾಡಿತು. ಸರಕು ಸಾಗಣೆಗಾಗಿ ಇದೇ ವಿಮಾನದ ಇನ್ನೊಂದು ಮಾದರಿಯನ್ನು ಕೇಳಿದ್ದ ಎರಡು ಅಮೆರಿಕನ್ ಕಂಪೆನಿಗಳು ತಮ್ಮ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಂಡುವು. ಆ ಮಾದರಿ ಹುಟ್ಟಲೇ ಇಲ್ಲ. ಮೊದಲನೆಯ ಪ್ರಯಾಣಿಕ ವಿಮಾನವು ಸಿಂಗಪುರದ ಕಂಪೆನಿಗೆ ತಲಪಿದುದು 2007ರ ಅಕ್ಟೋಬರ್ 15ರಂದು. (2021ರಲ್ಲಿ, 251 ವಿಮಾನಗಳಾದ ಮೇಲೆ, ಉತ್ಪಾದನೆ ನಿಂತುಹೋದುದಕ್ಕೆ ಬೇರೆ ಕಾರಣಗಳಿವೆ, ತಂತಿಯ ಮೇಲೆ ಆ ಹೊರೆಯನ್ನು ಹೊರಿಸಲಾಗದು. ದುಬಾಯಿಯಿಂದ ಬೆಂಗಳೂರಿಗೆ 2022ರ ಅಕ್ಟೋಬರಿನಲ್ಲಿ ಈ ವಿಮಾನದ ಸಂಚಾರ ಆರಂಭವಾದುದನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು.)

ಪತ್ರಿಕೆಗಳು ಆಗ ದೋಷವನ್ನೆಲ್ಲ ಎರಡು ಆವೃತ್ತಿಗಳ ತಲೆಗೆ ಕಟ್ಟಿದುವು. ಅದು ಅರ್ಧ ಸತ್ಯವೆಂದು ನಮಗೆ ತೋರುವುದು. ಸಂಸ್ಥೆಯೇ ಆಗ ಕೊಟ್ಟ ವಿವರಣೆಯಂತೆ, ಇಡೀ ವಿಮಾನವನ್ನು ಮೂರು ಆಯಾಮಗಳಲ್ಲಿ ತೋರಿಸುವ ಗಣಕ ಮಾದರಿಯು ತಂತಿಯ ವಿನ್ಯಾಸಕಾರರ ಕೈಗೆ ತಡವಾಗಿ ಬಂದಿತು. ಬಂದ ಮೇಲೂ ಅವರು ಅದನ್ನು ಇನ್ನೂ ಕಲಿಯುತ್ತಲೇ ಇದ್ದರು. ಎಂದರೆ ಲೋಹದ ಒಡಲನ್ನು ಚಿತ್ರಿಸುವವರೂ ಅದರೊಳಗೆ ತಂತಿಯನ್ನು ಹಾಯಿಸುವವರೂ ಒಂದೇ ನಕಾಶೆಯ ಮುಂದೆ ಕೂತಿರಲಿಲ್ಲ. ಬೇರೆ ಬೇರೆ ವೃತ್ತಿಯವರು, ಬೇರೆ ಬೇರೆ ತಂತ್ರಾಂಶಗಳನ್ನು ಬಳಸುವವರು, ಒಂದೆಡೆ ಸೇರುವುದು ಹೇಗೆ? ಕಳೆದ ಎಪ್ಪತ್ತು ವರ್ಷಗಳಲ್ಲಿ ಇದಕ್ಕೆ ಹುಡುಕಿದ ಉತ್ತರಗಳನ್ನು ನಾವು ಇಲ್ಲಿ ನೋಡೋಣ.

ಮೊದಲು ಕಾಗದದ ಕಾಲವನ್ನು ನೆನೆಯೋಣ. ಒಂದು ಮನೆ ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳಿ. ಗೋಡೆ ಒಂದೇ, ಆದರೆ ವಾಸ್ತುಶಿಲ್ಪಿಗೆ ಅದು ಬೆಳಕು ನೆರಳುಗಳ ಎಲ್ಲೆ. ಕಟ್ಟಡದ ಭದ್ರತೆಯನ್ನು ಲೆಕ್ಕಮಾಡುವ ಎಂಜಿನಿಯರಿಗೆ ಮೇಲಿನ ಭಾರವನ್ನು ನೆಲಕ್ಕಿಳಿಸುವ ಒಂದು ಆಧಾರ. ವಿದ್ಯುತ್ತಿನವನಿಗೆ ಕೊಳವೆ ಹುದುಗಿಸುವ ಜಾಗ. ನಲ್ಲಿಯ ಕೆಲಸದವನಿಗೂ ಅದೇ ಜಾಗ ಬೇಕು. ಮೇಸ್ತ್ರಿಗೆ ಅದು ಇಷ್ಟು ಇಟ್ಟಿಗೆ, ಇಷ್ಟು ದಿನಗಳ ಕೂಲಿ. ಹೀಗೆ ಐವರು ಐದು ಗೋಡೆಗಳನ್ನು ಕಾಣುತ್ತಿದ್ದರೂ, ಅವರೆಲ್ಲರೂ ಬಗ್ಗಿ ನೋಡುತ್ತಿದ್ದುದು ಒಂದೇ ನೀಲಿ ಹಾಳೆಯನ್ನು. ಆ ಹಾಳೆಗೆ ಒಂದು ದೊಡ್ಡ ಗುಣವಿದ್ದಿತು: ಯಾರು ಬೇಕಾದರೂ ಕೆಂಪು ಪೆನ್ಸಿಲಿನಿಂದ ಗೋಡೆಯ ಪಕ್ಕದಲ್ಲೇ ಗುರುತುಹಾಕಿ, “ಇಲ್ಲಿ ತೊಲೆ ಅಡ್ಡ ಬರುತ್ತದೆ” ಎಂದು ಬರೆಯಬಹುದಾಗಿದ್ದಿತು. ಅದಕ್ಕೆ ಯಾವ ತರಬೇತಿಯೂ ಬೇಕಿರಲಿಲ್ಲ. ಈ ಕೆಂಪು ಪೆನ್ಸಿಲನ್ನು ವಾಚಕರು ಮರೆಯದಿರಲಿ. ಮುಂದೆ ಇದರ ಪ್ರಸ್ತಾಪ ಬರುವುದು.

ಗಣಕದಲ್ಲಿ ನಕಾಶೆ ಬರೆಯಬಹುದೆಂದು ತೋರಿಸಿದವರಲ್ಲಿ ಅಗ್ರಗಣ್ಯನು ಐವಾನ್ ಸದರ್‌ಲ್ಯಾಂಡ್. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿಯಾಗಿ ಅವನು 1963ರಲ್ಲಿ ರಚಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ಕ್ರಮವಿಧಿಯಲ್ಲಿ, ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು, “ಈ ಎರಡು ಗೆರೆಗಳು ಸಮಾನಾಂತರವಾಗಿರಲಿ” ಎಂದು ಆಜ್ಞೆ ಕೊಟ್ಟರೆ ಯಂತ್ರವು ಅವುಗಳನ್ನು ಹಾಗೆಯೇ ತಿದ್ದಿಕೊಳ್ಳುತ್ತಿದ್ದಿತು. ಗೆರೆಯ ಜೊತೆಗೆ ಗೆರೆಯ ಉದ್ದೇಶವನ್ನೂ ನಕಾಶೆಯು ನೆನಪಿಡತೊಡಗಿದ್ದು ಹೀಗೆ. ಮರುವರ್ಷವೇ ಜನರಲ್ ಮೋಟರ್ಸ್ ಕಂಪೆನಿಯವರು ಐ.ಬಿ.ಎಂ. ಸಂಸ್ಥೆಯೊಡನೆ ಕೂಡಿ ಕಾರುಗಳ ವಿನ್ಯಾಸಕ್ಕೆಂದು ಮಾಡಿದ್ದ ತಮ್ಮದೇ ಯಂತ್ರವನ್ನು ಹೊರಗೆ ತೋರಿಸಿದರು. ಅಲ್ಲಿಂದ ಮುಂದೆ ವಿಮಾನದವರಿಗೊಂದು, ಕಾರಿನವರಿಗೊಂದು, ಸೇತುವೆಯವರಿಗೊಂದು, ವಿದ್ಯುನ್ಮಂಡಲದವರಿಗೊಂದು ಎಂದು ತಂತ್ರಾಂಶಗಳು ಕವಲೊಡೆದುವು. ಒಂದೊಂದೂ ತನ್ನ ವೃತ್ತಿಯ ಭಾಷೆಯನ್ನು ಚೆನ್ನಾಗಿ ಕಲಿಯಿತು. ನೆರೆಯವರ ಭಾಷೆಯನ್ನು ಕಲಿಯಲಿಲ್ಲ.

ಮುಚ್ಚಿಟ್ಟುಕೊಳ್ಳುವ ಅಭ್ಯಾಸವೂ ಇದಕ್ಕೆ ಸೇರಿತು. ಫ್ರಾನ್ಸಿನ ಸಿಟ್ರೊಯೆನ್ ಕಾರು ಕಂಪೆನಿಗೆ 1958ರಲ್ಲಿ ಸೇರಿದ ಪಾಲ್ ದ ಕಾಸ್ಟೆಲ್ಜೋ ಎಂಬ ಗಣಿತಜ್ಞನು, ಕೆಲವೇ ಬಿಂದುಗಳನ್ನು ಇಟ್ಟು ನಯವಾದ ವಕ್ರರೇಖೆಯನ್ನು ಎಳೆಯುವ ಒಂದು ಸೊಗಸಾದ ವಿಧಾನವನ್ನು ಕಂಡುಹಿಡಿದನು. ಬಿಂದುವನ್ನು ಸರಿಸಿದರೆ ರೇಖೆಯು ಅದರತ್ತ ವಾಲುವುದು. ಕಾರಿನ ಮೈಯ ಉಬ್ಬು ತಗ್ಗುಗಳನ್ನು ಚಿತ್ರಿಸಲು ಇದಕ್ಕಿಂತ ಅನುಕೂಲವಾದುದಿಲ್ಲ. ಕಂಪೆನಿಯು ಅದನ್ನು ವ್ಯಾಪಾರದ ಗುಟ್ಟೆಂದು ಬೀಗಹಾಕಿಟ್ಟಿತು. ಅದೇ ದೇಶದ ರೆನೊ ಕಂಪೆನಿಯ ಎಂಜಿನಿಯರ್ ಪಿಯರ್ ಬೆಝಿಯೆ, ಸ್ವತಂತ್ರವಾಗಿ ಇದೇ ರೇಖೆಗಳನ್ನು ಕಂಡುಕೊಂಡು, ಲೇಖನಗಳನ್ನು ಬರೆದು ಎಲ್ಲರಿಗೂ ತಿಳಿಸಿದನು. ಇಂದು ಜಗತ್ತು ಆ ರೇಖೆಗಳನ್ನು ಬೆಝಿಯೆಯ ಹೆಸರಿನಿಂದಲೇ ಕರೆಯುವುದು. ಗಣಕದಲ್ಲಿ ಮೂಡುವ ಅಕ್ಷರಗಳ ಅಂಚುಗಳನ್ನು ಎಳೆಯುವುದೂ ಇವುಗಳಿಂದಲೇ. ಕನ್ನಡ ಅಕ್ಷರಗಳ ಗುಂಡಗಿನ ಹೊಟ್ಟೆ, ತಲೆಕಟ್ಟು, ಕೊಂಬು, ಒತ್ತುಗಳು ಕಾರಿನ ಮೈಗೆಂದು ಹುಟ್ಟಿದ ಗಣಿತದ ಋಣದಲ್ಲಿವೆ ಎಂಬುದು ನಮಗೆ ಬಹು ಸಂತೋಷವನ್ನು ಕೊಡುವ ಸಂಗತಿ.

ಬೇಲಿಗಳನ್ನು ದಾಟಬೇಕೆಂಬ ಆಸೆ ಯಂತ್ರ ಮಾಡುವವರಿಗಿಂತ ಹೆಚ್ಚಾಗಿ ಯಂತ್ರ ಬಳಸುವವರಲ್ಲಿ ಹುಟ್ಟಿತು. 1955ರಲ್ಲಿ, ಎಂದರೆ ಸ್ಕೆಚ್‌ಪ್ಯಾಡಿಗೂ ಎಂಟು ವರ್ಷ ಮುಂಚೆ, ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದ ವಿಮಾನ ಕಂಪೆನಿಗಳು ಐ.ಬಿ.ಎಂ. 704 ಎಂಬ ಗಣಕಯಂತ್ರಕ್ಕಾಗಿ ಕಾದಿದ್ದುವು. ರೆಕ್ಕೆಯ ಮೇಲಿನ ಒತ್ತಡ, ಒಡಲಿನ ಅದುರುವಿಕೆ ಮುಂತಾದ ಲೆಕ್ಕಗಳಿಗೆ ಪ್ರತಿಯೊಂದು ಕಂಪೆನಿಯೂ ತನ್ನ ಕ್ರಮವಿಧಿಗಳನ್ನು ಮೊದಲಿಂದ ಬರೆಯಬೇಕಾಗಿದ್ದಿತು. ಕೋನವೊಂದರ ಸೈನ್ ಬೆಲೆಯನ್ನು ಕಂಡುಹಿಡಿಯುವಂತಹ ಸಾಮಾನ್ಯ ಕೆಲಸಕ್ಕೂ ಹತ್ತು ಕಡೆ ಹತ್ತು ಜನ ತಲೆ ಕೆಡಿಸಿಕೊಳ್ಳುವುದು ಹುಚ್ಚುತನವೆಂದು ಅವರಿಗೆ ಹೊಳೆಯಿತು. ವ್ಯಾಪಾರದಲ್ಲಿ ಪರಸ್ಪರ ಎದುರಾಳಿಗಳಾಗಿದ್ದ ಕಂಪೆನಿಗಳ ಗಣಿತಜ್ಞರು ಒಂದೆಡೆ ಕುಳಿತು ‘ಷೇರ್’ ಎಂಬ ಬಳಕೆದಾರರ ಸಂಘವನ್ನು ಕಟ್ಟಿದರು. ಆ ಪದಕ್ಕೆ ಹಂಚಿಕೊಳ್ಳುವುದು ಎಂದೇ ಅರ್ಥ. ಒಬ್ಬರು ಬರೆದ ಕ್ರಮವಿಧಿ ಎಲ್ಲರಿಗೂ ಸೇರಿತು; ಯುನೈಟೆಡ್ ಏರ್‌ಕ್ರಾಫ್ಟ್ ಕಂಪೆನಿಯೊಂದರಲ್ಲಿ ಹುಟ್ಟಿದ ಸಂಕೇತಪದ್ಧತಿಯನ್ನು ಉಳಿದವರೂ ಒಪ್ಪಿಕೊಂಡರು. ವಿಮಾನದ ವಿನ್ಯಾಸವನ್ನು ಗುಟ್ಟಾಗಿ ಇಡೋಣ, ಸೈನ್ ಬೆಲೆಯಲ್ಲಿ ಗುಟ್ಟೇನಿದೆ ಎಂಬ ವಿವೇಕ ಅಲ್ಲಿ ಕೆಲಸಮಾಡಿತು. ಆ ಸಂಘವು ಇಂದಿಗೂ ಉಂಟು.

ನಕಾಶೆಗಳ ವಿಷಯದಲ್ಲಿ ಇಂತಹ ಒಪ್ಪಂದ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. 1979ರ ಶರತ್ಕಾಲದಲ್ಲಿ ಅಮೆರಿಕದಲ್ಲಿ, ಬಳಕೆದಾರರ ಒತ್ತಾಯಕ್ಕೆ ಮಣಿದು, ತಂತ್ರಾಂಶ ಮಾರುವವರೂ ಬೋಯಿಂಗ್, ಜನರಲ್ ಎಲೆಕ್ಟ್ರಿಕ್ ಮೊದಲಾದ ಕಂಪೆನಿಗಳವರೂ ಸರ್ಕಾರದ ಮಾನಕ ಸಂಸ್ಥೆಯೊಡನೆ ಸೇರಿ ಒಂದು ಮಧ್ಯಸ್ಥ ಲಿಪಿಯನ್ನು ರೂಪಿಸಲು ತೊಡಗಿದರು. 1980ರಲ್ಲಿ ಪ್ರಕಟವಾದ ಅದರ ಹೆಸರು ಐಜೆಸ್.

ಮಧ್ಯಸ್ಥನಿಂದ ಏನು ಲಾಭವೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಹತ್ತು ತಂತ್ರಾಂಶಗಳಿದ್ದು, ಒಂದೊಂದೂ ಉಳಿದ ಒಂಬತ್ತರೊಡನೆ ನೇರವಾಗಿ ಮಾತಾಡಬೇಕಾದರೆ, ಹತ್ತು ಒಂಬತ್ತಲೆ 90 ಅನುವಾದಕಗಳು ಬೇಕು. ಎಲ್ಲರೂ ನಡುವೆ ಒಂದು ಸಾಮಾನ್ಯ ಭಾಷೆಯನ್ನು ಒಪ್ಪಿಕೊಂಡರೆ, ಪ್ರತಿಯೊಬ್ಬನಿಗೂ ಎರಡೇ: ತನ್ನದನ್ನು ಸಾಮಾನ್ಯ ಭಾಷೆಗೆ ತರುವುದೊಂದು, ಅಲ್ಲಿಂದ ತನ್ನದಕ್ಕೆ ತಂದುಕೊಳ್ಳುವುದೊಂದು. ಒಟ್ಟು 20. ಹನ್ನೊಂದನೆಯವನು ಬಂದು ಸೇರಿದರೆ ಮೊದಲ ಪದ್ಧತಿಯಲ್ಲಿ 20 ಹೊಸ ಅನುವಾದಕಗಳನ್ನು ಬರೆಯಬೇಕು. ಎರಡನೆಯದರಲ್ಲಿ ಎರಡನ್ನು ಮಾತ್ರ.

ಆದರೆ ಐಜೆಸ್ ಮುಖ್ಯವಾಗಿ ಸಾಗಿಸುತ್ತಿದ್ದುದು ಆಕಾರಗಳನ್ನು. ಗೆರೆ, ಕಂಸ, ಮೇಲ್ಮೈ ಇವುಗಳು ಆಚೆ ದಡವನ್ನು ಸೇರುತ್ತಿದ್ದುವು. ಅವು ಗೋಡೆಯೋ ಬಾಗಿಲೋ ತಂತಿಯೋ ಎಂಬ ತಿಳಿವು ಹೊಳೆಯ ಪಾಲಾಗುತ್ತಿದ್ದಿತು. ಹೀಗಾಗಿ ಇನ್ನೂ ಆಳವಾದ ಒಪ್ಪಂದಗಳು ಬೇಕಾದುವು. ಯಂತ್ರಭಾಗಗಳಿಗಾಗಿ 1984ರಲ್ಲಿ ಆರಂಭವಾದ ಕೆಲಸವು ಹತ್ತು ವರ್ಷಗಳ ಮೇಲೆ, 1994ರಲ್ಲಿ, ‘ಸ್ಟೆಪ್’ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಕಟ್ಟಡಗಳವರು 1995ರ ಸುಮಾರಿಗೆ ತಮ್ಮದೇ ಕೂಟವನ್ನು ಕಟ್ಟಿ ‘ಐ.ಎಫ್.ಸಿ.’ ಎಂಬ ಪದ್ಧತಿಯನ್ನು ಬೆಳಸಿದರು. ಇದರಲ್ಲಿ ಗೋಡೆಯೆಂದರೆ ಎರಡು ಗೆರೆಯಲ್ಲ, ಗೋಡೆಯೇ. ಅದು ಯಾವ ಅಂತಸ್ತಿನಲ್ಲಿದೆ, ಯಾವ ವಸ್ತುವಿನದು, ಅದರಲ್ಲಿ ಯಾವ ಬಾಗಿಲು ಕೂತಿದೆ ಎಂಬುದೆಲ್ಲ ಅದರೊಡನೆ ಸಾಗುವುದು. ಪ್ರತಿಯೊಂದು ಗೋಡೆಗೂ, ತೊಲೆಗೂ, ಕಿಟಕಿಗೂ 22 ಅಕ್ಷರಗಳ ಒಂದು ಗುರುತು ಹೆಸರುಂಟು. ಅದನ್ನು ಹೋಲುವ ಇನ್ನೊಂದು ಹೆಸರು ಜಗತ್ತಿನ ಬೇರಾವ ಕಟ್ಟಡದಲ್ಲಿಯೂ ಇರದಂತೆ ಅದನ್ನು ಇಡುತ್ತಾರೆ.

ಇಷ್ಟೆಲ್ಲ ಶ್ರಮ ಯಾತಕ್ಕೆಂದು ಕೇಳುವವರಿಗೆ ಒಂದು ಅಂಕಿಯನ್ನು ಹೇಳಬಹುದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಂತೆ, ಕಟ್ಟಡ ಮತ್ತು ಕಾರ್ಖಾನೆಗಳ ನಿರ್ಮಾಣದಲ್ಲಿ ತಂತ್ರಾಂಶಗಳು ಒಂದರೊಡನೊಂದು ಹೊಂದಿಕೊಳ್ಳದ ಕಾರಣದಿಂದ ಆ ದೇಶಕ್ಕೆ 2002ನೆಯ ಒಂದೇ ವರ್ಷದಲ್ಲಿ ಆದ ನಷ್ಟ ಸುಮಾರು 1,580 ಕೋಟಿ ಡಾಲರ್. ಅದರ ಮೂರನೆಯ ಎರಡು ಪಾಲನ್ನು ಹೊತ್ತವರು ನಕಾಶೆ ಬರೆದವರಲ್ಲ, ಕಟ್ಟಿದವರೂ ಅಲ್ಲ. ಕಟ್ಟಡಗಳನ್ನು ಕೊಂಡು ನಡೆಸುವ ಮಾಲೀಕರು.

ಈಗ ಕೆಂಪು ಪೆನ್ಸಿಲಿನ ಮಾತಿಗೆ ಬರೋಣ. ಗೋಡೆಯು ಗೋಡೆಯಾಗಿಯೇ ಎಲ್ಲರ ಪರದೆಯ ಮೇಲೂ ಬಂದಿತು ಸರಿ. “ಇಲ್ಲಿ ತೊಲೆ ಅಡ್ಡ ಬರುತ್ತದೆ” ಎಂಬ ಮಾತನ್ನು ಬರೆಯುವುದೆಲ್ಲಿ? ಬಹುಕಾಲದವರೆಗೆ ಜನರು ಪರದೆಯ ಚಿತ್ರವನ್ನು ತೆಗೆದು, ಕಾಗದಕ್ಕೆ ಅಂಟಿಸಿ, ಬಾಣದ ಗುರುತು ಹಾಕಿ, ಪತ್ರದೊಡನೆ ಕಳುಹಿಸುತ್ತಿದ್ದರು. ಪಡೆದವನು ಮೂರನೆಯ ಅಂತಸ್ತಿನ ಯಾವ ಮೂಲೆಯ ಯಾವ ತೊಲೆಯೆಂದು ಅರ್ಧ ದಿನ ಹುಡುಕುತ್ತಿದ್ದನು. ಇಡೀ ನಕಾಶೆಯನ್ನು ಮತ್ತೆ ಕಳುಹಿಸೋಣವೆಂದರೆ ಅದು ಬಲು ಭಾರ. ಅಲ್ಲದೆ ಇನ್ನೊಬ್ಬರ ನಕಾಶೆಯನ್ನು ತಿದ್ದುವ ಅಧಿಕಾರವೂ ಇವನಿಗಿಲ್ಲ.

2009ರಲ್ಲಿ ಫಿನ್ಲೆಂಡಿನ ಟೆಕ್ಲಾ ಮತ್ತು ಸೊಲಿಬ್ರಿ ಎಂಬ ಎರಡು ತಂತ್ರಾಂಶ ಸಂಸ್ಥೆಗಳು ಇದಕ್ಕೊಂದು ಸರಳವಾದ ಉಪಾಯವನ್ನು ಹೂಡಿದುವು. ನಕಾಶೆಯನ್ನು ಅದರ ಪಾಡಿಗೆ ಬಿಟ್ಟು, ಅದರ ಮೇಲಿನ ಮಾತನ್ನು ಮಾತ್ರ ಕಳುಹಿಸುವುದು. ‘ಬಿ.ಸಿ.ಎಫ್.’ ಎಂದು ಹೆಸರಾದ ಈ ಪುಟ್ಟ ಕಡತದಲ್ಲಿ ಮುಖ್ಯವಾಗಿ ಇರುವುದಿಷ್ಟು: ಹೇಳಬೇಕಾದ ಮಾತು, ಅದನ್ನು ಯಾರು ಯಾವಾಗ ಹೇಳಿದರೆಂಬುದು, ಯಾವ ವಸ್ತುಗಳ ಬಗ್ಗೆ ಎಂಬುದಕ್ಕೆ ಅವುಗಳ 22 ಅಕ್ಷರದ ಗುರುತು ಹೆಸರುಗಳು, ಮತ್ತು ಬರೆದವನು ಯಾವ ಕಡೆಯಿಂದ ನೋಡುತ್ತಿದ್ದನೆಂಬುದರ ಲೆಕ್ಕ. ವಾಯುನಾಳದ ಎಂಜಿನಿಯರು ತನ್ನ ತಂತ್ರಾಂಶದಲ್ಲಿ ಈ ಟಿಪ್ಪಣಿಯನ್ನು ಬರೆದು ಕಳುಹಿಸಿದರೆ, ಬೇರೊಂದು ಊರಿನಲ್ಲಿ ಬೇರೊಂದು ತಂತ್ರಾಂಶದ ಮುಂದೆ ಕೂತಿರುವ ಕಾಂಕ್ರೀಟ್ ಎಂಜಿನಿಯರಿನ ಪರದೆಯು ತಾನಾಗಿಯೇ ಅದೇ ಮೂಲೆಗೆ ಹೋಗಿ, ಅದೇ ಕೋನದಿಂದ, ಅದೇ ತೊಲೆಯನ್ನು ಎತ್ತಿ ತೋರಿಸುವುದು. ಅವನು ಅದರ ಕೆಳಗೆ ತನ್ನ ಉತ್ತರವನ್ನು ಬರೆಯುವನು. ಮಾತುಕತೆ ಮುಗಿದ ಮೇಲೆ ತೊಲೆಯವನು ತೊಲೆಯನ್ನೂ ನಾಳದವನು ನಾಳವನ್ನೂ ತಾನೇ ತಿದ್ದುವನು. ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗಬೇಕಾಗಿಲ್ಲ. ಐ.ಎಫ್.ಸಿ.ಯನ್ನು ಪೋಷಿಸುವ ಕೂಟವೇ ಮುಂದೆ ಇದನ್ನೂ ಕೈಗೆತ್ತಿಕೊಂಡಿತು.

ದೊಡ್ಡ ಮಾನಕಗಳಿಗಿಂತ ಈ ಸಣ್ಣ ಉಪಾಯವೇ ನಮಗೆ ಹೆಚ್ಚು ಮೆಚ್ಚಿಗೆಯಾಗಿದೆ. ಎಲ್ಲರಿಗೂ ಒಂದೇ ತಂತ್ರಾಂಶವನ್ನು ಕೊಟ್ಟುಬಿಟ್ಟರೆ ಜಗಳವೇ ಇರದು ಎಂದು ವಾದಿಸುವವರುಂಟು. ತಂತಿಯನ್ನು ಹಾಯಿಸುವವನಿಗೆ ಬೇಕಾದ ಉಪಕರಣವೇ ಬೇರೆ, ತೊಲೆಯನ್ನು ಲೆಕ್ಕಹಾಕುವವನಿಗೆ ಬೇಕಾದುದೇ ಬೇರೆ. ಬಡಗಿಗೂ ಅಕ್ಕಸಾಲಿಗೂ ಒಂದೇ ಸುತ್ತಿಗೆಯನ್ನು ಕೊಡಲಾದೀತೆ? ಉಪಕರಣಗಳು ಬೇರೆಯಾಗಿಯೇ ಇರಲಿ, ಆದರೆ ಬೆರಳಿಟ್ಟು ತೋರಿಸಿದ ಜಾಗ ಎಲ್ಲರಿಗೂ ಒಂದೇ ಆಗಿರಲಿ ಎಂಬುದೇ ಈ ಪದ್ಧತಿಯ ತಿರುಳು. ಇದರಲ್ಲಿಯೂ ತೊಡಕುಗಳಿಲ್ಲದಿಲ್ಲ. ಗೋಡೆಯನ್ನು ಸರಿಸುವುದಕ್ಕೆ ಬದಲಾಗಿ ಯಾರಾದರೂ ಅಳಿಸಿ ಹೊಸದಾಗಿ ಬರೆದರೆ ಹೊಸ ಗೋಡೆಗೆ ಹೊಸ ಗುರುತು ಹೆಸರು ಬರುವುದು. ಹಳೆಯ ಗೋಡೆಗೆ ಕಟ್ಟಿದ ಟಿಪ್ಪಣಿಗಳೆಲ್ಲ ಅನಾಥವಾಗುವುವು. ಆಕಾರವು ಹುಟ್ಟಿದ ಕ್ರಮ, ಎಂದರೆ ಮೊದಲು ಯಾವುದನ್ನು ಎಳೆದು ಆಮೇಲೆ ಯಾವುದನ್ನು ಕೊರೆದರೆಂಬ ಚರಿತ್ರೆಯು, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಇಂದಿಗೂ ಬಹುಮಟ್ಟಿಗೆ ಕಳೆದುಹೋಗುವುದು. ತನ್ನ ತಂತ್ರಾಂಶವನ್ನು ಬಿಟ್ಟು ಗಿರಾಕಿಗಳು ಹೋಗದಿರಲೆಂಬ ಮಾರಾಟಗಾರರ ಆಸೆಯೂ ಸತ್ತಿಲ್ಲ.

ಈ ಸಾಮಾನ್ಯ ಭಾಷೆ ಹೇಗಿರುವುದೆಂದು ನೋಡಬೇಕೆನ್ನುವ ವಿದ್ಯಾರ್ಥಿಗಳು ಬೆಲೆಬಾಳುವ ತಂತ್ರಾಂಶವನ್ನು ಕೊಳ್ಳಬೇಕಾಗಿಲ್ಲ. ಫ್ರೀಕ್ಯಾಡ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುವುದು. ಅದು ಸ್ಟೆಪ್ ಕಡತಗಳನ್ನೂ ಐ.ಎಫ್.ಸಿ. ಕಡತಗಳನ್ನೂ ಓದಬಲ್ಲುದು. ಅದೂ ಬೇಡವೆಂದರೆ, ಒಂದು ಐ.ಎಫ್.ಸಿ. ಕಡತವನ್ನು ಗಣಕದ ಸಾಮಾನ್ಯ ಬರವಣಿಗೆಯ ಹಾಳೆಯಲ್ಲಿಯೇ ತೆರೆಯಬಹುದು, ಏಕೆಂದರೆ ಅದರೊಳಗಿರುವುದು ಬರಿಯ ಅಕ್ಷರಗಳು. ಮೊದಲನೆಯ ಸಾಲಿನಲ್ಲಿ ‘ಐ.ಎಸ್.ಒ. 10303-21’ ಎಂದು ಮಾನಕದ ಹೆಸರು ಕಾಣುವುದು. ಸ್ವಲ್ಪ ಕೆಳಗಿಳಿದರೆ ಪ್ರತಿಯೊಂದು ಸಾಲಿಗೂ ಒಂದೊಂದು ಸಂಖ್ಯೆ. ಒಂದು ಸಾಲು ಗೋಡೆ, ಒಂದು ಸಾಲು ಬಾಗಿಲು, ಒಂದು ಸಾಲು ಬಿಂದು. ಬಾಗಿಲಿನ ಸಾಲಿನಿಂದ ಹೊರಟು ಸಂಖ್ಯೆಗಳ ಜಾಡನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಹೋದರೆ, ಅದು ಕೂತಿರುವ ಕಂಡಿ, ಕಂಡಿಯಿರುವ ಗೋಡೆ, ಗೋಡೆಯಿರುವ ಅಂತಸ್ತು, ಅಂತಸ್ತು ಇರುವ ಕಟ್ಟಡ, ಕಟ್ಟಡ ನಿಂತಿರುವ ನಿವೇಶನ ಎಂದು ಒಂದೊಂದಾಗಿ ಸಿಕ್ಕುತ್ತಾ ಹೋಗುವುವು.